ಸಾಕಿದ ಮರಗಪ್ಪೆಗೆ, ನೆಲಗಪ್ಪೆಗೆ ಯಾವ ಹುಳುಗಳನ್ನು ಧೈರ್ಯವಾಗಿ ಕೊಡಬಹುದು?

ತುಂಗಾತೀರ (ಕ್ಯಾರಿ, ನಾರ್ತ್ ಕ್ಯಾರೊಲಿನಾ)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಗೆ ಈಚೆಗೆ ಎರಡು ಹೊಸ ಜೀವಗಳು ಬಂದು ಸೇರಿವೆ. ಒಂದು, ಮಗನ ಆಸೆಯಂತೆ ತಂದ, ಸಾಕಣೆಯಲ್ಲೇ ಹುಟ್ಟಿ ಬೆಳೆದ ವೈಟ್ಸ್ ಮರಗಪ್ಪೆ. ಇನ್ನೊಂದು, ಊರು ಬಿಟ್ಟು ಹೋದ ನೆರೆಮನೆಯವರು ನಮಗೆ ಒಪ್ಪಿಸಿ ಹೋದ ಅಮೆರಿಕನ್ ನೆಲಗಪ್ಪೆ. ಎರಡನ್ನೂ ಬೇರೆ ಬೇರೆ ಗಾಜಿನ ತೊಟ್ಟಿಗಳಲ್ಲಿ ಇಟ್ಟಿದ್ದೇವೆ. ನೀರು, ತೇವ, ಬಿಸಿಯ ವಿಷಯದಲ್ಲಿ ಅಂಗಡಿಯವರು ಕೊಟ್ಟ ಸೂಚನೆಗಳು ಸ್ಪಷ್ಟವಾಗಿದ್ದವು. ಆದರೆ ಆಹಾರದ ವಿಷಯಕ್ಕೆ ಬಂದಾಗ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಅಂಗಡಿಯವರು "ಕ್ರಿಕೆಟ್ ಹುಳು ಹಾಕಿ, ಸಾಕು" ಎಂದರು. ನಮ್ಮ ಯಜಮಾನರ ಅಭಿಪ್ರಾಯದಲ್ಲಿ ಕಾಡಿನ ಕಪ್ಪೆ ತಿನ್ನುವುದೇ ಒಳ್ಳೆಯ ಆಹಾರ, ಹಾಗಾಗಿ ಹಿತ್ತಲಿನಲ್ಲಿ ಸಿಗುವ ಮಿಡತೆ, ಪತಂಗ, ಎರೆಹುಳುಗಳನ್ನೇ ಹಿಡಿದು ಕೊಡಬೇಕು. ನಾವು ಔಷಧಿ ಹೊಡೆಯುವುದಿಲ್ಲ ನಿಜ, ಆದರೆ ಅಕ್ಕಪಕ್ಕದ ಹುಲ್ಲುಹಾಸುಗಳಿಗೆ ಗುತ್ತಿಗೆಯವರು ಬಂದು ಏನೇನೋ ಸಿಂಪಡಿಸಿ ಹೋಗುತ್ತಾರೆ; ಬೇಸಿಗೆಯಲ್ಲಿ ಸೊಳ್ಳೆಗೆಂದು ಬೇರೆಯೇ ಸಿಂಪಡಣೆ ನಡೆಯುತ್ತದೆ.

ಇನ್ನೊಂದು ಮಾತು. ಜೂನ್ ತಿಂಗಳ ಸಂಜೆಗಳಲ್ಲಿ ಇಲ್ಲಿ ಮಿಂಚುಹುಳುಗಳು ಹೇರಳ. ಮಗ ಅವುಗಳನ್ನು ಗಾಜಿನ ಬಾಟಲಿಯಲ್ಲಿ ಹಿಡಿದು, ನೆಲಗಪ್ಪೆಗೆ ಒಂದನ್ನು ಹಾಕಲೇ ಎಂದು ಕೇಳುತ್ತಾನೆ. ಸದ್ಯಕ್ಕೆ ಬೇಡವೆಂದು ತಡೆದಿದ್ದೇನೆ, ಆದರೆ ಅವನಿಗೆ ಹೇಳಲು ನನಗೊಂದು ಸರಿಯಾದ ಕಾರಣ ಬೇಕು. ಮೀನು ಹಿಡಿಯುವವರ ಅಂಗಡಿಯಲ್ಲಿ ಡಬ್ಬಿಯಲ್ಲಿ ಮಾರುವ ಎರೆಹುಳು ಆದೀತೇ? ಮೀಲ್‌ವರ್ಮ್ ಎಂಬ ದುಂಬಿಯ ಮರಿಹುಳು ಕಪ್ಪೆಯ ಹೊಟ್ಟೆಯನ್ನು ಒಳಗಿನಿಂದ ಕಚ್ಚಿ ತೂತು ಮಾಡುತ್ತದೆ ಎಂದು ಓದಿದೆ, ಅದು ನಿಜವೇ? ಬಲ್ಲವರು ದಯವಿಟ್ಟು ವಿವರವಾಗಿ ತಿಳಿಸಿಕೊಡಿ.

ಕೆರೆಯೇರಿ (ಬ್ರಿಸ್ಬೇನ್)

ತುಂಗಾತೀರ ಅವರಿಗೆ ನಮಸ್ಕಾರ. ನಿಮ್ಮ ವೈಟ್ಸ್ ಮರಗಪ್ಪೆಯ ತವರು ನಾನಿರುವ ನಾಡು. ಇಲ್ಲಿ ಅದನ್ನು ಹಸಿರು ಮರಗಪ್ಪೆ ಎನ್ನುತ್ತಾರೆ. ಮಳೆಗಾಲದಲ್ಲಿ ಅಂಚೆಪೆಟ್ಟಿಗೆಯೊಳಗೆ, ಮಳೆನೀರಿನ ಕೊಳವೆಯೊಳಗೆ ಕುಳಿತು ಕೂಗುತ್ತಿರುತ್ತದೆ. ಸರ್ಕಾರದ ಪರವಾನಗಿ ಪಡೆದು ಇವುಗಳನ್ನು ಸಾಕುತ್ತಿದ್ದೇನೆ, ಆದ್ದರಿಂದ ಅನುಭವದ ಮಾತನ್ನಷ್ಟೇ ಹೇಳುತ್ತೇನೆ. ವೈದ್ಯಕೀಯದ ವಿಷಯವನ್ನು ಇಲ್ಲಿರುವ ಪಶುವೈದ್ಯರು ಹೇಳಲಿ.

ಅಂಗಡಿಯವರ ಮಾತು ಅರ್ಧ ಸರಿ. ಕ್ರಿಕೆಟ್ ಹುಳು, ಅಂದರೆ ನಮ್ಮೂರ ಚಿಮ್ಮಂಡೆಯ ಬಳಗದ ಹುಳು, ದಿನನಿತ್ಯದ ಆಹಾರವಾಗಿ ಒಳ್ಳೆಯದೇ. ಅದು ಓಡಾಡುತ್ತದೆ, ಮತ್ತು ಕಪ್ಪೆಗಳು ಮುಖ್ಯವಾಗಿ ಅಲುಗಾಡುವುದನ್ನೇ ಆಹಾರವೆಂದು ಗುರುತಿಸುವುದರಿಂದ ಅವುಗಳ ಕಣ್ಣಿಗೆ ಬೇಗ ಬೀಳುತ್ತದೆ. ಆದರೆ ಹಸಿದು ಬಳಲಿದ ಕ್ರಿಕೆಟ್ ಹುಳು ಬರಿಯ ಸಿಪ್ಪೆಯಿದ್ದಂತೆ. ಅಂಗಡಿಯಿಂದ ತಂದ ಕೂಡಲೇ ತೊಟ್ಟಿಗೆ ಸುರಿಯಬೇಡಿ; ಒಂದೆರಡು ದಿನ ನಿಮ್ಮಲ್ಲೇ ಇಟ್ಟುಕೊಂಡು ಸಾಸಿವೆ ಸೊಪ್ಪು, ಡ್ಯಾಂಡೆಲಿಯನ್ ಸೊಪ್ಪು, ಗೆಣಸು, ಕ್ಯಾರೆಟ್, ಜೊತೆಗೆ ಕ್ಯಾಲ್ಸಿಯಂ ಹೆಚ್ಚಿರುವ ಹುಳುಗಳ ಸಿದ್ಧ ಆಹಾರ ಕೊಟ್ಟು, ಅವುಗಳ ಹೊಟ್ಟೆ ತುಂಬಿದ ಮೇಲೆ ಕಪ್ಪೆಗೆ ಹಾಕಿ. ಹೊಟ್ಟೆ ತುಂಬಿದ ಹುಳುವನ್ನು ಗುರುತಿಸುವುದು ಸುಲಭ. ಬೆಳಕಿಗೆ ಹಿಡಿದರೆ ಹೊಟ್ಟೆಯ ಭಾಗದ ಪಟ್ಟಿಗಳು ಹಿಗ್ಗಿ, ಅವುಗಳ ನಡುವಿನ ತೆಳುಚರ್ಮದಲ್ಲಿ ತಿಂದ ಸೊಪ್ಪಿನ ಬಣ್ಣ ಕಾಣುತ್ತದೆ. ಹಸಿದದ್ದರ ಹೊಟ್ಟೆ ಚಪ್ಪಟೆಯಾಗಿ, ಪಟ್ಟಿಗಳು ಒಂದರ ಮೇಲೊಂದು ಕೂತಿರುತ್ತವೆ.

ಗಾತ್ರದ ವಿಷಯದಲ್ಲಿ ಸಾಕುವವರೆಲ್ಲರೂ ಪಾಲಿಸುವ ಅಳತೆಯೊಂದಿದೆ: ಹುಳುವಿನ ಉದ್ದ ಕಪ್ಪೆಯ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ಹೆಚ್ಚಿರಬಾರದು. ಎರೆಹುಳು, ರೇಷ್ಮೆಹುಳುಗಳಂಥ ಮೆತ್ತನೆಯ ಹುಳುಗಳಿಗೆ ಸ್ವಲ್ಪ ವಿನಾಯಿತಿ ಕೊಡಬಹುದು. ತಿನ್ನದೆ ಉಳಿದ ಕ್ರಿಕೆಟ್ ಹುಳುಗಳನ್ನು ರಾತ್ರಿಯಿಡೀ ತೊಟ್ಟಿಯಲ್ಲಿ ಬಿಡಬೇಡಿ. ಹಸಿವಾದರೆ ಅವು ಮಲಗಿದ ಕಪ್ಪೆಯ ಚರ್ಮವನ್ನೇ ಕಡಿಯುತ್ತವೆ, ಮತ್ತು ಆ ತೇವದ ಚರ್ಮದ ಮೇಲಿನ ಸಣ್ಣ ಗಾಯ ಕೂಡ ಬೇಗ ಕೀವು ಕಟ್ಟುತ್ತದೆ. ಬಳಿದು ತೆಗೆಯಲು ಆಗದಿದ್ದರೆ ಕನಿಷ್ಠ ಮೂಲೆಯಲ್ಲೊಂದು ಕ್ಯಾರೆಟ್ ತುಂಡನ್ನಾದರೂ ಇಡಿ.

ಕ್ರಿಕೆಟ್ ಒಂದನ್ನೇ ನಂಬಿಕೊಳ್ಳುವುದು ಬೇಡ ಎನ್ನಲು ಇನ್ನೊಂದು ಕಾರಣವೂ ಇದೆ. 2009–10ರ ಸುಮಾರಿಗೆ ಅಮೆರಿಕದ ಕ್ರಿಕೆಟ್ ಸಾಕಣೆ ಕೇಂದ್ರಗಳಿಗೆ ಡೆನ್ಸೊವೈರಸ್ ಎಂಬ ರೋಗ ತಗುಲಿ, ಮಾಮೂಲಿ ಮನೆ-ಕ್ರಿಕೆಟ್ ರಾಶಿರಾಶಿಯಾಗಿ ಸತ್ತಿತ್ತು. ಆ ವೈರಸ್ ಕಪ್ಪೆಗೆ ಏನೂ ಮಾಡುವುದಿಲ್ಲ, ಆದರೆ ಒಂದೇ ಹುಳುವಿಗೆ ಒಗ್ಗಿದ ಕಪ್ಪೆಗಳಿಗೆ ಬೇರೆಯದನ್ನು ತಿನ್ನಿಸುವುದು ಸಾಕುವವರಿಗೆ ದೊಡ್ಡ ಪಾಡಾಯಿತು. ಈಗ ಅನೇಕ ಕಡೆ ಸಿಗುವ, ಆ ರೋಗಕ್ಕೆ ಜಗ್ಗದ ಪಟ್ಟೆ-ಕ್ರಿಕೆಟ್ ಕಪ್ಪೆಗೂ ಚೆನ್ನಾಗಿಯೇ ಆಗುತ್ತದೆ. ನಿಮ್ಮಲ್ಲಿ ಡೂಬಿಯಾ ಜಿರಳೆಯೂ ಸಿಗುತ್ತದೆ. ನಮ್ಮಲ್ಲಿ ಅದಕ್ಕೆ ಅನುಮತಿಯಿಲ್ಲ, ಇಲ್ಲಿಯವರು "ವುಡಿ" ಎಂದು ಕರೆಯುವ ಬೂದುಬಣ್ಣದ ಜಿರಳೆಯನ್ನು ಬಳಸುತ್ತೇವೆ. ಜಿರಳೆ ಎಂದ ಕೂಡಲೇ ಮುಖ ಸಿಂಡರಿಸುವವರೇ ಹೆಚ್ಚು, ಆದರೆ ಸಾಕಣೆಯ ಡೂಬಿಯಾ ನುಣುಪಾದ ಪ್ಲಾಸ್ಟಿಕ್ ಗೋಡೆಯನ್ನು ಹತ್ತಲಾರದು, ಕೂಗುವುದಿಲ್ಲ, ಕ್ರಿಕೆಟ್‌ನಷ್ಟು ನಾರುವುದೂ ಇಲ್ಲ. ಒಂದೇ ತೊಂದರೆ ಎಂದರೆ ಮಣ್ಣು ಕಂಡರೆ ಹೂತುಕೊಂಡು ಅಲುಗಾಡದೆ ಇದ್ದುಬಿಡುತ್ತದೆ. ಆದ್ದರಿಂದ ನೆಲಗಪ್ಪೆಗೆ ಕೊಡುವಾಗ ನುಣುಪು ಅಂಚಿನ ಬಟ್ಟಲಿನಲ್ಲಿ ಹಾಕಿ, ಇಲ್ಲವೇ ತುದಿ ಮೊಂಡಾದ ಇಕ್ಕಳದಲ್ಲಿ ಹಿಡಿದು ಮೆಲ್ಲಗೆ ಆಡಿಸಿ ತೋರಿಸಿ.

ಮೀಲ್‌ವರ್ಮ್ ಹೊಟ್ಟೆಯನ್ನು ಕಚ್ಚಿ ಹೊರಬರುತ್ತದೆ ಎಂಬುದು ಬರಿಯ ಹೆದರಿಕೆಯ ಮಾತು. ನುಂಗಿದ ಹುಳು ಉಸಿರುಗಟ್ಟಿ, ಜಠರದ ಆಮ್ಲದಲ್ಲಿ ಬೇಗ ಸಾಯುತ್ತದೆ. ಅದನ್ನು ಕಡಿಮೆ ಕೊಡಬೇಕು ಎನ್ನಲು ನಿಜವಾದ ಕಾರಣ ಬೇರೆ: ಅದರ ಹೊರಚರ್ಮ ಗಡಸು, ಕ್ಯಾಲ್ಸಿಯಂ ತೀರ ಅತ್ಯಲ್ಪ. ವ್ಯಾಕ್ಸ್‌ವರ್ಮ್, ಅಂದರೆ ಮೇಣದ ಪತಂಗದ ಮರಿಹುಳು, ಅಂತೂ ಕೊಬ್ಬಿನ ಮುದ್ದೆ. ನಿಮ್ಮ ಮರಗಪ್ಪೆಯಂಥ ಹೊಟ್ಟೆಬಾಕನಿಗೆ ತಿಂಗಳಿಗೊಮ್ಮೆಯೋ ಎರಡು ಸಲವೋ ಸಾಕು. ವೈಟ್ಸ್ ಕಪ್ಪೆಗೆ ಕಣ್ಣಿನ ಮೇಲಿನ ಚರ್ಮದ ಮಡಿಕೆ ಕಣ್ಣಿನ ಮೇಲೆ ಇಳಿಬೀಳುವಷ್ಟು ದಪ್ಪವಾದರೆ ಬೊಜ್ಜು ಬಂದಿದೆ ಎಂದೇ ತಿಳಿಯಬೇಕು. ಬೆಳೆದ ಕಪ್ಪೆಗೆ ವಾರಕ್ಕೆ ಎರಡು ಮೂರು ಸಲ, ಮರಿಗಳಿಗೆ ದಿನವೂ ಅಥವಾ ದಿನ ಬಿಟ್ಟು ದಿನ ಕೊಟ್ಟರೆ ಸಾಕಾಗುತ್ತದೆ.

ಹೆಬ್ಬಾಳದ ಹಳಬ (ಪಶುವೈದ್ಯ, ಅಟ್ಲಾಂಟಾ)

ಕೆರೆಯೇರಿ ಅವರು ಬರೆದದ್ದನ್ನು ಪೂರ್ತಿ ಒಪ್ಪುತ್ತೇನೆ. ನಾನು ಹೇಳಬೇಕಾದದ್ದು ಒಂದೇ ವಿಷಯ, ಆದರೆ ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ: ಹುಳು ಯಾವ ಜಾತಿಯದು ಎಂಬಷ್ಟೇ ಮುಖ್ಯವಾದದ್ದು ಆ ಹುಳು ಏನನ್ನು ತಿಂದು, ಎಲ್ಲಿ ಬೆಳೆದಿದೆ ಎಂಬುದು. ದಕ್ಷಿಣ ಅಮೆರಿಕದ ವಿಷಗಪ್ಪೆಗಳೇ ಇದಕ್ಕೆ ಸಾಕ್ಷಿ. ಕಾಡಿನಲ್ಲಿ ಇರುವೆ, ನುಸಿಗಳನ್ನು ತಿಂದು ಅವುಗಳ ವಿಷವನ್ನು ಚರ್ಮದಲ್ಲಿ ಕೂಡಿಡುವ ಆ ಕಪ್ಪೆಗಳು, ಸಾಕಣೆಯಲ್ಲಿ ಹುಟ್ಟಿ ಹಣ್ಣಿನ ನೊಣ ತಿಂದು ಬೆಳೆದರೆ ನಿರ್ವಿಷವಾಗಿಯೇ ಇರುತ್ತವೆ. ಹುಳುವಿನೊಳಗಿನದು ಕಪ್ಪೆಯ ಮೈಗೆ ಇಳಿಯುತ್ತದೆ, ಒಳ್ಳೆಯದಾದರೂ ಅಷ್ಟೆ, ಕೆಟ್ಟದಾದರೂ ಅಷ್ಟೆ.

ಮೊದಲು ಕ್ಯಾಲ್ಸಿಯಂ. ಕಪ್ಪೆಯ ಆಹಾರದಲ್ಲಿ ಒಂದು ಪಾಲು ರಂಜಕಕ್ಕೆ ಒಂದೂವರೆಯಿಂದ ಎರಡು ಪಾಲು ಕ್ಯಾಲ್ಸಿಯಂ ಇರಬೇಕು. ಕ್ರಿಕೆಟ್, ಜಿರಳೆ, ಮೀಲ್‌ವರ್ಮ್ ಎಲ್ಲದರಲ್ಲೂ ಈ ಲೆಕ್ಕ ತಲೆಕೆಳಗು. ರಂಜಕವೇ ಕ್ಯಾಲ್ಸಿಯಂನ ಹಲವು ಪಟ್ಟು. ಹೀಗೇ ತಿಂಗಳುಗಟ್ಟಲೆ ನಡೆದರೆ ಕಪ್ಪೆ ತನ್ನ ಮೂಳೆಯಿಂದಲೇ ಕ್ಯಾಲ್ಸಿಯಂ ತೆಗೆದುಕೊಳ್ಳುತ್ತದೆ. ಕೆಳದವಡೆ ರಬ್ಬರಿನಂತೆ ಬಾಗುವುದು, ಹಿಂಗಾಲು ನಡುಗುವುದು, ಹಾರಲು ಆಗದೆ ತೆವಳುವುದು, ಬೆನ್ನು ಡೊಂಕಾಗುವುದು, ಈ ಲಕ್ಷಣಗಳೊಂದಿಗೆ ನನ್ನ ಬಳಿಗೆ ತರುವ ಕಪ್ಪೆಗಳಲ್ಲಿ ಹೆಚ್ಚಿನವಕ್ಕೆ ಹೊಟ್ಟೆ ತುಂಬ ಊಟ ಸಿಕ್ಕಿರುತ್ತದೆ, ಕ್ಯಾಲ್ಸಿಯಂ ಪುಡಿ ಮಾತ್ರ ಸಿಕ್ಕಿರುವುದಿಲ್ಲ. ಆದ್ದರಿಂದ ಡಿ3 ಜೀವಸತ್ವ ಸೇರಿದ ನುಣ್ಣನೆಯ ಕ್ಯಾಲ್ಸಿಯಂ ಪುಡಿಯನ್ನು ಲೋಟದಲ್ಲಿ ಹಾಕಿ, ಹುಳುಗಳನ್ನು ಬಿಟ್ಟು, ಮೆಲ್ಲಗೆ ಅಲ್ಲಾಡಿಸಿ, ಅವುಗಳ ಮೈಗೆ ತೆಳುವಾಗಿ ಹತ್ತಿದ ಕೂಡಲೇ ಕಪ್ಪೆಗೆ ಕೊಡಿ. ತಡವಾದರೆ ಕ್ರಿಕೆಟ್ ಹುಳು ತನ್ನ ಮೀಸೆ ಕಾಲುಗಳನ್ನು ಒರೆಸಿಕೊಂಡು ಪುಡಿಯನ್ನೆಲ್ಲ ಉದುರಿಸಿಬಿಡುತ್ತದೆ.

ಇನ್ನು ಎ ಜೀವಸತ್ವ. ಇದರ ಬಗ್ಗೆ ಅಂಗಡಿಗಳಲ್ಲಿ ಯಾರೂ ಹೇಳುವುದಿಲ್ಲವಾದ್ದರಿಂದ ಒತ್ತಿ ಹೇಳುತ್ತಿದ್ದೇನೆ. ಸಾಕಣೆಯ ಹುಳುಗಳಲ್ಲಿ ಇದು ಇಲ್ಲವೆನ್ನುವಷ್ಟು ಕಡಿಮೆ, ಮತ್ತು ಕ್ಯಾರೆಟ್‌ನಲ್ಲಿರುವ ಕ್ಯಾರೊಟಿನ್ ಅನ್ನು ಎ ಜೀವಸತ್ವವಾಗಿ ಬದಲಾಯಿಸಿಕೊಳ್ಳುವ ಶಕ್ತಿ ಅನೇಕ ಕಪ್ಪೆಗಳಿಗೆ ಸಾಲದು. ಅಳಿವಿನಂಚಿನಲ್ಲಿರುವ ವಯೋಮಿಂಗ್ ನೆಲಗಪ್ಪೆಯನ್ನು ಉಳಿಸಲೆಂದು ಮೃಗಾಲಯಗಳಲ್ಲಿ ಸಾಕಿದಾಗ, ಅವು ಹುಳುವಿನತ್ತ ನಾಲಗೆ ಚಾಚಿದರೂ ಹುಳು ನಾಲಗೆಗೆ ಅಂಟುತ್ತಲೇ ಇರಲಿಲ್ಲ. ಪರೀಕ್ಷಿಸಿ ನೋಡಿದರೆ, ಎ ಜೀವಸತ್ವದ ಕೊರತೆಯಿಂದ ನಾಲಗೆಯ ಲೋಳೆ ಸುರಿಸುವ ಪದರವೇ ಬದಲಾಗಿ ಒಣಗಿ ಗಟ್ಟಿಯಾಗಿತ್ತು. ನಿಮ್ಮ ನೆಲಗಪ್ಪೆ ಗುರಿಯಿಟ್ಟು ನಾಲಗೆ ಹೊಡೆದರೂ ಮತ್ತೆ ಮತ್ತೆ ಹುಳು ಜಾರಿ ಹೋಗುತ್ತಿದ್ದರೆ ಅದನ್ನು ಮುಪ್ಪೆಂದೋ ಸೋಮಾರಿತನವೆಂದೋ ತಿಳಿಯಬೇಡಿ, ವೈದ್ಯರಿಗೆ ತೋರಿಸಿ. ವಾರಕ್ಕೋ ಎರಡು ವಾರಕ್ಕೋ ಒಮ್ಮೆ ರೆಟಿನಾಲ್ ರೂಪದ ಎ ಜೀವಸತ್ವವಿರುವ ಪುಡಿಯನ್ನು ಹಚ್ಚಿ. ಡಬ್ಬಿಯ ಮೇಲೆ ಬೀಟಾ-ಕ್ಯಾರೊಟಿನ್ ಎಂದಷ್ಟೇ ಇದ್ದರೆ ಬೇರೆಯದನ್ನು ಹುಡುಕಿ. ಮನುಷ್ಯರ ಮಾತ್ರೆಯನ್ನು ಒಡೆದು ಕೊಡಬೇಡಿ, ಏಕೆಂದರೆ ಇದು ಮಿತಿಮೀರಿದರೂ ವಿಷವೇ. ಮುಚ್ಚಳ ತೆರೆದ ಪುಡಿಯ ಡಬ್ಬಿಯನ್ನು ಆರು ತಿಂಗಳಿಗೊಮ್ಮೆ ಬದಲಿಸಿ.

ಯಜಮಾನರ ವಾದಕ್ಕೆ ಬರುತ್ತೇನೆ. ಕಾಡಿನ ಕಪ್ಪೆ ಬಗೆಬಗೆಯ ಹುಳುಗಳನ್ನು ತಿನ್ನುತ್ತದೆ, ಅದರಿಂದ ಅದಕ್ಕೆ ಲಾಭವಿದೆ ಎನ್ನುವ ಮಟ್ಟಿಗೆ ಅವರು ಹೇಳುವುದು ನಿಜ. ಆದರೆ ನಿಮ್ಮ ಹಿತ್ತಲು ಕಾಡಲ್ಲ. ಹುಲ್ಲಿನ ಬೇರುಹುಳುವಿಗೆ ಹಾಕುವ ಇಮಿಡಾಕ್ಲೋಪ್ರಿಡ್, ಸೊಳ್ಳೆಗೆ ಸಿಂಪಡಿಸುವ ಪೈರೆಥ್ರಾಯ್ಡ್ ಇವೆಲ್ಲ ಬೇಲಿಯಾಚೆಯಿಂದ ನಿಮ್ಮ ಕಡೆಗೂ ಬರುತ್ತವೆ, ಮತ್ತು ವಿಷ ತಿಂದು ನಿಧಾನವಾದ ಮಿಡತೆಯೇ ಹುಡುಗನ ಕೈಗೆ ಸುಲಭವಾಗಿ ಸಿಗುತ್ತದೆ. ಜೊತೆಗೆ ಹೊರಗಿನ ಹುಳುಗಳಲ್ಲಿ ಪರೋಪಜೀವಿ ಜಂತುಗಳೂ ಇರುತ್ತವೆ. ಸಿಂಪಡಣೆಯ ಪ್ರದೇಶದಲ್ಲಿರುವವರು ಹಿತ್ತಲ ಹುಳುವನ್ನು ಕೊಡಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಮಿಂಚುಹುಳುವಿನ ವಿಷಯದಲ್ಲಿ ನೀವು ತಡೆದದ್ದು ಬಹಳ ಒಳ್ಳೆಯದಾಯಿತು. ಅಮೆರಿಕದ ಫೋಟಿನಸ್ ಜಾತಿಯ ಮಿಂಚುಹುಳುಗಳ ಮೈಯಲ್ಲಿ ಲೂಸಿಬ್ಯುಫಾಜಿನ್ ಎಂಬ, ಹೃದಯದ ಬಡಿತವನ್ನೇ ಕೆಡಿಸುವ ವಿಷವಿದೆ. ಸಾಕಿದ ಗಡ್ಡದ ಓತಿಗಳು ಇಂಥ ಹುಳುಗಳನ್ನು ತಿಂದು ಸತ್ತದ್ದನ್ನು 1999ರಲ್ಲಿ ವಿಜ್ಞಾನಿಗಳು ವರದಿ ಮಾಡಿದ್ದಾರೆ. ಸಾಯಲು ಒಂದೇ ಹುಳು ಸಾಕು. ನೆಲಗಪ್ಪೆ ತನ್ನ ಮೈಯಲ್ಲೇ ಇದಕ್ಕೆ ಹತ್ತಿರದ ವಿಷವನ್ನು ಹೊತ್ತಿರುವುದರಿಂದ ಒಂದಿಷ್ಟು ತಾಳಿಕೊಂಡೀತು, ಆದರೆ ಅದನ್ನು ಪರೀಕ್ಷಿಸಿ ನೋಡುವ ಅಗತ್ಯ ನಮಗಿಲ್ಲ. ಮರಗಪ್ಪೆಗಂತೂ ಖಂಡಿತ ಬೇಡ. ಮಗನಿಗೆ ಇದನ್ನೇ ಹೇಳಿ, ಬಾಟಲಿಯ ಹುಳುಗಳನ್ನು ಅವನ ಕೈಯಿಂದಲೇ ಹಾರಲು ಬಿಡಿಸಿ.

ಇದೇ ಸಾಲಿನಲ್ಲಿ ಮೊನಾರ್ಕ್ ಚಿಟ್ಟೆಯ ಹುಳುವೂ ಬರುತ್ತದೆ. ಅದು ಮಿಲ್ಕ್‌ವೀಡ್ ಗಿಡದ ಹಾಲಿನ ವಿಷವನ್ನು ಮೈಗೂಡಿಸಿಕೊಳ್ಳುತ್ತದೆ, ನಮ್ಮೂರಲ್ಲಿ ಎಕ್ಕದ ಗಿಡ ತಿನ್ನುವ ಅದರ ನೆಂಟ ಚಿಟ್ಟೆಯ ಹುಳುವಿನ ಹಾಗೆಯೇ. ಕಂಬಳಿಹುಳು, ಗುಲಗಂಜಿ ಹುಳು, ಜೇನು, ಕಣಜ, ನಿಮ್ಮ ಭಾಗದ ಬೆಂಕಿ ಇರುವೆ, ಕೆಂಪು ಹಳದಿ ಬಣ್ಣದ ದೊಡ್ಡ ಲಬ್ಬರ್ ಮಿಡತೆ, ಇವೂ ಬೇಡ. ಕೆಲವು ದುಂಬಿಗಳು ಒಳಗೆ ಹೋದ ಮೇಲೂ ಹೋರಾಡುತ್ತವೆ. ಜಪಾನಿನಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಬಿಸಿ ರಾಸಾಯನಿಕ ಸಿಡಿಸುವ ಬಾಂಬರ್ಡಿಯರ್ ದುಂಬಿಯನ್ನು ನುಂಗಿದ ನೆಲಗಪ್ಪೆಗಳಲ್ಲಿ ಶೇ. 43ರಷ್ಟು ಅದನ್ನು ಕಾರಿಕೊಂಡವು, ಅದೂ ನುಂಗಿದ 12ರಿಂದ 107 ನಿಮಿಷಗಳ ಬಳಿಕ. ಕಾರಿದ ದುಂಬಿಗಳೆಲ್ಲ ಬದುಕಿದ್ದವು. ಗುರುತು ಸಿಗದ ದುಂಬಿಯನ್ನು ಕೊಡಬಾರದು ಎನ್ನಲು ಇದಕ್ಕಿಂತ ಉದಾಹರಣೆ ಬೇಡ.

ಎರೆಹುಳು ಬಹಳ ಒಳ್ಳೆಯ ಆಹಾರ, ಅದರಲ್ಲಿ ಕ್ಯಾಲ್ಸಿಯಂ ಸಹ ಬೇರೆ ಹುಳುಗಳಿಗಿಂತ ಚೆನ್ನಾಗಿದೆ. ಮೀನಿನ ಗಾಳದ ಅಂಗಡಿಯಿಂದ ನೈಟ್‌ಕ್ರಾಲರ್ ಎಂಬ ದೊಡ್ಡ ಎರೆಹುಳು ತರಬಹುದು, ಆದರೆ ಮೀನನ್ನು ಸೆಳೆಯಲೆಂದು ಹಸಿರು ಬಣ್ಣ ಹಾಕಿದವೂ ಅಲ್ಲಿ ಇರುತ್ತವೆ, ಅವನ್ನು ಮುಟ್ಟಬೇಡಿ. ಗೊಬ್ಬರ ಮಾಡಲು ಮಾರುವ ಸಣ್ಣ ಕೆಂಪು ಎರೆಹುಳು ಹಳದಿ ಬಣ್ಣದ ಕಹಿ ರಸ ಬಿಡುತ್ತದೆ, ಬಹುಪಾಲು ಕಪ್ಪೆಗಳು ಅದನ್ನು ಉಗುಳಿಬಿಡುತ್ತವೆ. ಕೊಡುವ ಮುನ್ನ ಹುಳು ತೊಳೆಯುವ ನೀರೂ, ನಲ್ಲಿ ನೀರಿಗೆ ಬೆರೆಸುವ ಕ್ಲೋರಿನ್, ಕ್ಲೋರಮಿನ್ ತೆಗೆದ ನೀರಾಗಿರಲಿ. ಕ್ಲೋರಮಿನ್ ಬಕೆಟ್ಟಿನಲ್ಲಿ ಇಟ್ಟ ಮಾತ್ರಕ್ಕೆ ಬೇಗ ಆರಿಹೋಗುವುದಿಲ್ಲ, ಸಾಕುಮೀನಿನ ಅಂಗಡಿಯಲ್ಲಿ ಸಿಗುವ, ಅದನ್ನು ತೆಗೆಯುವ ದ್ರಾವಣ ಹಾಕಲೇಬೇಕು. ಹುಳುವನ್ನೋ ಕಪ್ಪೆಯನ್ನೋ ಮುಟ್ಟಿದ ಮೇಲೆ ಮಗನ ಕೈಯನ್ನು ಸೋಪಿನಿಂದ ತೊಳೆಸಿ. ಅಮೆರಿಕದಲ್ಲಿ ಸಾಕಿದ ಕುಬ್ಜ ನೀರುಗಪ್ಪೆಗಳಿಂದ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾದ ಸೋಂಕು ಹಲವು ರಾಜ್ಯಗಳಿಗೆ ಹರಡಿದ್ದುಂಟು, ಬಾಧೆಪಟ್ಟವರಲ್ಲಿ ಮಕ್ಕಳೇ ಹೆಚ್ಚು.

ರೇಷ್ಮೆಮನೆ (ಶಿಡ್ಲಘಟ್ಟ)

ಅಕ್ಕಾ, ಕಪ್ಪೆ ಸಾಕಿದ ಅನುಭವ ನನಗಿಲ್ಲ, ಆದರೆ ನಮ್ಮದು ಮೂರು ತಲೆಮಾರಿನಿಂದ ರೇಷ್ಮೆಹುಳು ಮೇಯಿಸುವ ಮನೆ. ನಿಮ್ಮ ಕಡೆ ರೇಷ್ಮೆಹುಳುವನ್ನೂ ಸಾಕುಪ್ರಾಣಿಗಳ ಆಹಾರವಾಗಿ ಮಾರುತ್ತಾರೆ ಎಂದು ತಿಳಿದು ಇದನ್ನು ಬರೆಯುತ್ತಿದ್ದೇನೆ. ಮೆತ್ತನೆಯ ಮೈ, ಕೊಬ್ಬು ಕಡಿಮೆ, ಕಚ್ಚುವುದಿಲ್ಲ, ಓಡಿಹೋಗುವುದಿಲ್ಲ. ಎರಡನೇ ಜ್ವರ (ಹುಳು ಪೊರೆ ಕಳಚುವುದಕ್ಕೆ ನಾವು ಹಾಗೆನ್ನುತ್ತೇವೆ) ಎದ್ದ ಹುಳು ನಿಮ್ಮ ಕಪ್ಪೆಗೆ ಸರಿಯಾದ ಗಾತ್ರಕ್ಕೆ ಬಂದಿರಬಹುದು. ನಾಲ್ಕನೇ ಜ್ವರ ಎದ್ದು ಗೂಡು ಕಟ್ಟಲು ಹಣ್ಣಾಗುವ ಹೊತ್ತಿಗೆ ಅದು ಕೈಬೆರಳಿನಷ್ಟು ದಪ್ಪವಾಗಿರುತ್ತದೆ, ಅಷ್ಟು ದೊಡ್ಡದು ಬೇಡ. ಜ್ವರಕ್ಕೆ ಕೂತ ಹುಳು ತಲೆಯೆತ್ತಿ ಅಲುಗಾಡದೆ ಇರುತ್ತದೆ, ಆಗ ಹಾಕಿದರೆ ಕಪ್ಪೆಗೆ ಕಾಣುವುದೂ ಇಲ್ಲ.

ಭಾರತದಲ್ಲಿ ಇದನ್ನು ಓದುವವರು ಗೂಡಿಗಾಗಿ ಹುಳು ಮೇಯಿಸುವ ಮನೆಗಳಿಂದ ಹುಳು ಕೇಳಿ ತರಬೇಡಿ. ನಾವು ಹುಳುಗಳ ಹಾಸಿಗೆಗೆ ಸುಣ್ಣ, ಸೋಂಕು ನಿವಾರಕ ಪುಡಿ ಉದುರಿಸುತ್ತೇವೆ, ಮನೆಗೆ ಬ್ಲೀಚಿಂಗ್ ದ್ರಾವಣ ಹೊಡೆಯುತ್ತೇವೆ. ಅದು ಹುಳುವಿನ ರೋಗಕ್ಕೆ ಬೇಕೇ ಬೇಕು, ಆದರೆ ಕಪ್ಪೆಯ ಹಸಿ ಚರ್ಮಕ್ಕೆ ಆಗುವಂಥದ್ದಲ್ಲ. ಹಾಲುತೊಂಡೆ ರೋಗ ಬಂದ ಹುಳುವಿನ ಗೆಣ್ಣುಗಳು ಊದಿ, ಚರ್ಮ ಒಡೆದು ಹಾಲಿನಂಥ ನೀರು ಸುರಿಯುತ್ತದೆ. ಸಪ್ಪೆರೋಗ ಬಂದದ್ದು ಮೆತ್ತಗಾಗಿ ಕಪ್ಪಗೆ ತಿರುಗಿ ನಾರುತ್ತದೆ. ಅಂಥ ಹುಳು ಡಬ್ಬಿಯಲ್ಲಿ ಒಂದು ಕಂಡರೂ ಅದನ್ನು ತಕ್ಷಣ ಬೇರ್ಪಡಿಸಿ.

ಸೊಪ್ಪಿನ ಬಗ್ಗೆ ಒಂದು ಮಾತು. ನಿಮ್ಮ ಊರಿನಲ್ಲಿ ಹಿಪ್ಪುನೇರಳೆ ಮರ ತಾನಾಗಿ ಬೆಳೆಯುತ್ತದಂತೆ, ಆದರೆ ನಾರ್ತ್ ಕ್ಯಾರೊಲಿನಾ ತಂಬಾಕಿನ ಸೀಮೆ. ತಂಬಾಕಿನ ಹೊಲದ ಪಕ್ಕದ ಸೊಪ್ಪನ್ನು ನಮ್ಮಲ್ಲಿ ಯಾರೂ ಹುಳುವಿಗೆ ಹಾಕುವುದಿಲ್ಲ, ನಿಕೋಟಿನ್ ಸೋಕಿದರೂ ಹುಳು ಒದ್ದಾಡಿ ವಾಂತಿ ಮಾಡಿ ಸಾಯುತ್ತದೆ. ಔಷಧಿಯ ವಿಷಯದಲ್ಲಿ ರೇಷ್ಮೆಹುಳುವಿನಷ್ಟು ಸೂಕ್ಷ್ಮವಾದದ್ದು ಇನ್ನೊಂದಿಲ್ಲ. ಹೊಸ ಮರದ ಸೊಪ್ಪನ್ನು ಮೊದಲು ನಾಲ್ಕಾರು ಹುಳುಗಳಿಗೆ ಮಾತ್ರ ಹಾಕಿ ಒಂದು ದಿನ ನೋಡಿ, ಅವು ಚೆನ್ನಾಗಿ ಮೇಯ್ದರೆ ಆಮೇಲೆ ಎಲ್ಲಕ್ಕೂ ಹಾಕಿ.

ತುಂಗಾತೀರ (ಕ್ಯಾರಿ, ನಾರ್ತ್ ಕ್ಯಾರೊಲಿನಾ)

ಇಷ್ಟು ಅಕ್ಕರೆಯಿಂದ ವಿವರಿಸಿದ ಮೂವರಿಗೂ ಧನ್ಯವಾದಗಳು. ಮಿಂಚುಹುಳುವಿನ ವಿಷವನ್ನು ಮಗನಿಗೆ ಓದಿ ಹೇಳಿದೆ, ಅವನು ಈಗ ಬೇರೆ ಮಕ್ಕಳಿಗೂ ಹೇಳುತ್ತಿದ್ದಾನೆ. ಯಜಮಾನರು ಹಿತ್ತಲ ಹುಳುಗಳ ಯೋಚನೆಯನ್ನು ಕೈಬಿಟ್ಟಿದ್ದಾರೆ. ಇನ್ನು ಒಂದೇ ಪ್ರಶ್ನೆ: ಅಂಗಡಿಯಲ್ಲಿ ಕಪ್ಪು ಸೈನಿಕ ನೊಣದ ಮರಿಹುಳುಗಳನ್ನು, ಕ್ಯಾಲ್ಸಿಯಂ ತಾನಾಗಿಯೇ ಹೆಚ್ಚಿರುವುದರಿಂದ ಪುಡಿ ಬೇಡವೆಂದು ಹೇಳಿ ಮಾರುತ್ತಾರೆ. ಅದನ್ನೇ ಮುಖ್ಯ ಆಹಾರವಾಗಿ ಮಾಡಿಕೊಳ್ಳಬಹುದೇ? ಮತ್ತು ಉಳಿದುಹೋದ ಕ್ರಿಕೆಟ್‌ಗಳನ್ನು ಹೊರಗೆ ಬಿಡಬಹುದೇ?

ಹೆಬ್ಬಾಳದ ಹಳಬ (ಪಶುವೈದ್ಯ, ಅಟ್ಲಾಂಟಾ)

ಆ ಮರಿಹುಳುವಿನಲ್ಲಿ ಕ್ಯಾಲ್ಸಿಯಂ ನಿಜವಾಗಿಯೂ ಹೆಚ್ಚು. ಆದರೆ ಅದರ ಚರ್ಮ ಗಟ್ಟಿ, ಕಪ್ಪೆಗೆ ಅಗಿಯುವ ಹಲ್ಲಿಲ್ಲ. ಅನೇಕ ಸಲ ಹುಳು ನುಂಗಿದಂತೆಯೇ ಇಡಿಯಾಗಿ ಹಿಕ್ಕೆಯಲ್ಲಿ ಹೊರಬರುತ್ತದೆ. ಕೆರಿಬಿಯನ್ ದ್ವೀಪಗಳ ಮೌಂಟನ್ ಚಿಕನ್ ಎಂಬ ದೊಡ್ಡ ಕಪ್ಪೆಗಳ ಮೇಲೆ ನಡೆದ ಅಧ್ಯಯನದಲ್ಲಿ, ಇಡಿಯಾಗಿ ಕೊಟ್ಟ ಹುಳುವಿಗಿಂತ ಜಜ್ಜಿ ಕೊಟ್ಟ ಹುಳುವಿನಿಂದ ಬಹಳ ಹೆಚ್ಚು ಕ್ಯಾಲ್ಸಿಯಂ ಮೈಗೆ ಹತ್ತಿತು. ಆದ್ದರಿಂದ ವಾರದ ಒಂದು ಊಟಕ್ಕೆ ಬದಲಾವಣೆಯಾಗಿ ಕೊಡಿ, ಹಿಕ್ಕೆಯನ್ನು ನೋಡುತ್ತಿರಿ, ಪುಡಿ ಹಚ್ಚಿದ ಕ್ರಿಕೆಟ್ ಮತ್ತು ಡೂಬಿಯಾವನ್ನು ಮಾತ್ರ ನಿಲ್ಲಿಸಬೇಡಿ.

ಉಳಿದ ಹುಳುಗಳನ್ನು ಹೊರಗೆ ಬಿಡಬೇಡಿ, ಅವು ನಿಮ್ಮ ಊರಿನವಲ್ಲ. ಮುಚ್ಚಿದ ಡಬ್ಬಿಯಲ್ಲಿ ಎರಡು ದಿನ ಫ್ರೀಜರಿನಲ್ಲಿಟ್ಟು ಆಮೇಲೆ ಕಸಕ್ಕೆ ಹಾಕಿ. ತಾನಾಗಿ ಸತ್ತು ಬಿದ್ದ ಕ್ರಿಕೆಟ್‌ಗಳನ್ನು ಕಪ್ಪೆಗೆ ಕೊಡಬೇಡಿ, ಮತ್ತು ಅವುಗಳ ಪೆಟ್ಟಿಗೆಯಿಂದ ಅಮೋನಿಯಾದ ಘಾಟು ಬಂದರೆ ಅವು ಅಡಗಿಕೊಳ್ಳಲು ಒಳಗಿಟ್ಟ ಮೊಟ್ಟೆಯ ಟ್ರೇಗಳನ್ನೂ ಬದಲಿಸಿ, ಗಾಳಿ ಆಡುವಂತೆ ಮುಚ್ಚಳಕ್ಕೆ ಲೋಹದ ಜಾಲರಿ ಹಾಕಿಸಿ. ಪ್ಲಾಸ್ಟಿಕ್ ಜಾಲರಿಯನ್ನು ಕ್ರಿಕೆಟ್ ಹುಳು ಕಡಿದು ಹೊರಬರುತ್ತದೆ.